ಮಲೆನಾಡಿನ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್: ಸೀಟಿನ ಆಯ್ಕೆಯಿಂದ ಕೊನೆಯ ಪ್ರಾಜೆಕ್ಟಿನವರೆಗೆ

ಸಿಇಟಿ ರ‍್ಯಾಂಕ್ ಪ್ರಕಟವಾದ ವಾರದಿಂದಲೇ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ವಿದ್ಯಾರ್ಥಿಗಳೂ ಪೋಷಕರೂ ಕೇಳತೊಡಗುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಂಪ್ಯೂಟರ್ ಸೈನ್ಸ್ ಒಗ್ಗುತ್ತದೆಯೇ? ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡು, ಒಂದು ಪ್ರೋಗ್ರಾಮನ್ನೂ ಬರೆಯದವರು ಏನು ಮಾಡಬೇಕು? ಶಿವಮೊಗ್ಗದಲ್ಲೇ ಓದಿದರೆ ಸಾಕೇ, ಬೆಂಗಳೂರಿಗೇ ಹೋಗಬೇಕೇ? ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು? ಈ ಪ್ರಶ್ನೆಗಳಿಗೆ ಒಂದೇ ಕಡೆ, ಹಂತ ಹಂತವಾಗಿ ಉತ್ತರಿಸುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತು. ಈ ಕೋರ್ಸ್ ಯಾರಿಗೂ ಅಸಾಧ್ಯವಲ್ಲ. ಆದರೆ ಪಿಯುಸಿಯಲ್ಲಿ ನಿಮಗೆ ಅಂಕ ತಂದುಕೊಟ್ಟ ಓದಿನ ಕ್ರಮ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಕೈಹಿಡಿಯುತ್ತದೆ. ಉತ್ತರವನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬಹುದು, ಆದರೆ ಪ್ರೋಗ್ರಾಮ್ ಬರೆಯಲು ಬರುವುದಿಲ್ಲ. ನಾಲ್ಕು ವರ್ಷ ಮುಗಿದರೂ ಕೈಗೆ ಕೆಲಸ ಹತ್ತದವರಲ್ಲಿ ಹೆಚ್ಚಿನವರು ಈ ಎರಡನ್ನೂ ಒಂದೇ ಎಂದು ತಿಳಿದವರು.

ಇಲ್ಲಿ ಹೇಳಿರುವ ನಿಯಮಗಳು 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, 2022ರ ಸ್ಕೀಮಿಗೆ ಸಂಬಂಧಿಸಿದವು. ಸ್ಕೀಮ್ ಎಂದರೆ ಒಂದು ವರ್ಷ ಪ್ರವೇಶ ಪಡೆದವರಿಗೆ ಅನ್ವಯಿಸುವ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮಗಳ ಕಟ್ಟು. ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯಕ್ರಮವನ್ನೂ ಪ್ರಶ್ನೆಪತ್ರಿಕೆಗಳನ್ನೂ ತಾವೇ ರೂಪಿಸಿಕೊಳ್ಳುತ್ತವೆ. ಹೊಸ ಸ್ಕೀಮ್ ಬಂದಾಗ ಅಂಕಗಳ ಲೆಕ್ಕವೂ ಬದಲಾಗಬಹುದು. ಆದುದರಿಂದ ನಿಮಗೆ ಅನ್ವಯಿಸುವ ಸ್ಕೀಮಿನ ಪ್ರತಿಯನ್ನು ಮೊದಲ ವಾರದಲ್ಲೇ ಇಳಿಸಿಕೊಂಡು ಇಟ್ಟುಕೊಳ್ಳಿ.

1. ಸೀಟು ಮತ್ತು ವಿಭಾಗದ ಆಯ್ಕೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಎಂಜಿನಿಯರಿಂಗ್ ರ‍್ಯಾಂಕನ್ನು ಸಿಇಟಿಯ ಅಂಕಗಳಿಗೆ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ ಕೊಟ್ಟು ನಿರ್ಧರಿಸುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಮೀಸಲಾತಿ ಇದೆ. ಮಲೆನಾಡಿನ ಅನೇಕ ವಿದ್ಯಾರ್ಥಿಗಳು ಇವೆರಡಕ್ಕೂ ಅರ್ಹರು. ಆದರೂ ಅರ್ಜಿ ತುಂಬುವಾಗ ಆ ಕಲಮನ್ನು ಬಿಟ್ಟುಬಿಡುವುದೋ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇಲ್ಲದ ಪ್ರಮಾಣಪತ್ರ ತರುವುದೋ ಆಗಿ ಹಕ್ಕಿನ ಸೀಟು ಕೈತಪ್ಪುತ್ತದೆ. ಶಾಲೆ ಬೇಸಿಗೆ ರಜೆಗೆ ಬಾಗಿಲು ಹಾಕುವ ಮುನ್ನವೇ ಈ ಕಾಗದಗಳನ್ನು ಮಾಡಿಸಿಕೊಳ್ಳಿ.

ಆಪ್ಷನ್ ಎಂಟ್ರಿ, ಅಂದರೆ ಕಾಲೇಜು ಮತ್ತು ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವ ಹಂತದಲ್ಲಿ, ಐದಾರು ಕಾಲೇಜುಗಳನ್ನಷ್ಟೇ ಹಾಕಿ ಸುಮ್ಮನಾಗಬೇಡಿ. ಅಣಕು ಹಂಚಿಕೆಯ ಫಲಿತಾಂಶ ಬಂದ ಬಳಿಕ ಪಟ್ಟಿಯನ್ನು ತಿದ್ದಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಆರಿಸಬೇಕು: ಮೊದಲನೆಯದು ಸೀಟನ್ನು ಒಪ್ಪಿ ಸೇರುವುದು, ಎರಡನೆಯದು ಸಿಕ್ಕಿದ್ದನ್ನು ಉಳಿಸಿಕೊಂಡು ಪಟ್ಟಿಯಲ್ಲಿ ಮೇಲಿರುವುದಕ್ಕೆ ಮುಂದಿನ ಸುತ್ತಿನಲ್ಲಿ ಕಾಯುವುದು, ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಸೈಬರ್ ಸೆಂಟರಿನವರು ಒತ್ತಿದ್ದನ್ನೇ ನಂಬಿದವರು ತೊಂದರೆಗೆ ಸಿಕ್ಕಿದ್ದಾರೆ. ಆ ಗುಂಡಿಯನ್ನು ನೀವೇ ಒತ್ತಿ.

ವಿಭಾಗದ ಹೆಸರಿನ ಬಗ್ಗೆ ಈಗ ವಿಪರೀತ ಗೊಂದಲವಿದೆ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಕೃತಕ ಬುದ್ಧಿಮತ್ತೆ ಮತ್ತು ಮಷೀನ್ ಲರ್ನಿಂಗ್, ಡೇಟಾ ಸೈನ್ಸ್ ಎಂದು ಪಟ್ಟಿ ಉದ್ದವಾಗಿದ್ದರೂ ಮೊದಲೆರಡು ವರ್ಷಗಳ ಪಾಠ ಬಹುಪಾಲು ಒಂದೇ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಆಲ್ಗಾರಿದಮ್, ಡೇಟಾಬೇಸ್ ಇವುಗಳಿಂದ ಯಾವ ಹೆಸರಿನ ವಿಭಾಗದವರಿಗೂ ಬಿಡುಗಡೆ ಇಲ್ಲ. ಹೆಸರಿನ ಮೋಹಕ್ಕೆ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿಯುವುದರ ಬದಲು, ಸರ್ಕಾರಿ ಕೋಟಾದಲ್ಲಿ ಸಿಕ್ಕ ಇನ್ಫರ್ಮೇಷನ್ ಸೈನ್ಸನ್ನು ತೆಗೆದುಕೊಳ್ಳುವುದು ಜಾಣತನ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಊರಿನ ಪ್ರಶ್ನೆಗೂ ಇಷ್ಟೇ ನೇರವಾದ ಉತ್ತರವಿದೆ. ಶಿವಮೊಗ್ಗದಲ್ಲಿ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜು, ಪಿಇಎಸ್ ಸಂಸ್ಥೆ, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಸಂಸ್ಥೆ, ಹಾಸನದಲ್ಲಿ 1960ರಲ್ಲಿ ಆರಂಭವಾದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು ಇವೆ. ಬೆಂಗಳೂರಿನ ಮೊದಲ ಸಾಲಿನ ಕೆಲವು ಕಾಲೇಜುಗಳಲ್ಲಿ ಸೀಟು ಸಿಗುವಷ್ಟು ರ‍್ಯಾಂಕ್ ಇದ್ದರೆ ಖಂಡಿತ ಹೋಗಿ. ಹಾಗಿಲ್ಲದಿದ್ದರೆ, ಹೆಸರೇ ಕೇಳಿರದ ಬೆಂಗಳೂರಿನ ಹೊರವಲಯದ ಕಾಲೇಜಿಗಿಂತ ಮನೆಗೆ ಹತ್ತಿರದ ಹಳೆಯ ಕಾಲೇಜು ಮೇಲು, ಪಿ.ಜಿ.ಯ ಬಾಡಿಗೆ ಉಳಿದು ಆ ಹಣದಲ್ಲಿ ಒಳ್ಳೆಯ ಲ್ಯಾಪ್‌ಟಾಪೇ ಬರುತ್ತದೆ.

2. ತರಗತಿ ಆರಂಭಕ್ಕೆ ಮುನ್ನ

ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇವು ಬೇಕೇಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು ಬೇರೆ ಬೇರೆಯಾಗಿದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಲ್ಯಾಪ್‌ಟಾಪಿನ ವಿಷಯಕ್ಕೆ ಬಂದರೆ, ಕನಿಷ್ಠ 8 ಜಿಬಿ ರ‍್ಯಾಮ್, ಸಾಧ್ಯವಿದ್ದರೆ 16 ಜಿಬಿ, 512 ಜಿಬಿ ಎಸ್‌ಎಸ್‌ಡಿ, ಇಂಟೆಲ್ ಐ5 ಅಥವಾ ರೈಜನ್ 5 ದರ್ಜೆಯ ಪ್ರೊಸೆಸರ್ ಇದ್ದರೆ ನಾಲ್ಕು ವರ್ಷಕ್ಕೆ ಸಾಕು. ಗೇಮ್ ಆಡುವವರಿಗೆಂದು ತಯಾರಿಸಿದ ಭಾರದ, ದುಬಾರಿ ಯಂತ್ರ ಬೇಕಿಲ್ಲ. ಬಸ್ಸಿನಲ್ಲಿ ಓಡಾಡುವವರಿಗೆ ಅದರ ತೂಕ ಮತ್ತು ಬೇಗ ಖಾಲಿಯಾಗುವ ಬ್ಯಾಟರಿ ಎರಡೂ ಕಿರಿಕಿರಿ. ಹಣದ ಅಡಚಣೆ ಇದ್ದರೆ ಮೊದಲ ವರ್ಷ ಕಾಲೇಜಿನ ಲ್ಯಾಬಿನಲ್ಲೇ ಕಳೆಯಬಹುದು. ಯಂತ್ರ ಬಂದ ಮೇಲೆ ಅದರಲ್ಲಿ ಉಬುಂಟು ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮನ್ನು, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು, ಹಾಕಿಕೊಳ್ಳುವುದನ್ನು ಕಲಿಯಿರಿ. ಅದನ್ನು ಹಾಕುವ ಮುನ್ನ ಇರುವ ಕಡತಗಳನ್ನೆಲ್ಲ ಬೇರೆಡೆ ಪ್ರತಿ ಮಾಡಿಡದಿದ್ದರೆ ಮನೆಯವರ ಫೋಟೊಗಳೂ ಸೇರಿ ಎಲ್ಲವೂ ಅಳಿಸಿಹೋಗುವ ಅಪಾಯವಿದೆ.

ಮಲೆನಾಡಿನಲ್ಲಿ ಯಂತ್ರ ಕಾಪಾಡಿಕೊಳ್ಳುವುದೂ ಒಂದು ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಲ್ಯಾಪ್‌ಟಾಪನ್ನು ವಾರಗಟ್ಟಲೆ ಚೀಲದೊಳಗೆ ಮುಚ್ಚಿಡಬೇಡಿ. ದಿನಕ್ಕೊಮ್ಮೆಯಾದರೂ ಚಾಲೂ ಮಾಡಿದರೆ ಒಳಗಿನ ತೇವ ಆರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಚಾರ್ಜರನ್ನಷ್ಟೇ ಅಲ್ಲ, ಬ್ರಾಡ್‌ಬ್ಯಾಂಡ್ ಮೋಡೆಮಿನ ವೈರನ್ನೂ ಕಿತ್ತಿಡಿ. ಸಿಡಿಲು ಹೊರಗಿನ ತಂತಿಯ ಮೂಲಕವೂ ಬರುತ್ತದೆ.

3. ಅಂಕ ಮತ್ತು ಹಾಜರಾತಿಯ ಲೆಕ್ಕ

ಸೇರಿದ ಮೇಲೆ ನಿಮಗೊಂದು ಯುಎಸ್‌ಎನ್ ಸಿಗುತ್ತದೆ. ಇದು ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ. ಇದರ ಮೊದಲ ಅಂಕಿ ಪ್ರಾದೇಶಿಕ ವಲಯವನ್ನು, ಮುಂದಿನ ಎರಡು ಅಕ್ಷರಗಳು ಕಾಲೇಜನ್ನು, ನಂತರದವು ಸೇರಿದ ವರ್ಷ, ವಿಭಾಗ ಮತ್ತು ಕ್ರಮಸಂಖ್ಯೆಯನ್ನು ಹೇಳುತ್ತವೆ. ಶಿವಮೊಗ್ಗದ ಕಾಲೇಜುಗಳು ಮೈಸೂರು ವಲಯದಲ್ಲಿರುವುದರಿಂದ ಅವುಗಳ ಯುಎಸ್‌ಎನ್ 4ರಿಂದ ಆರಂಭವಾಗುತ್ತದೆ. ನಾಲ್ಕು ವರ್ಷವೂ ನಿಮ್ಮ ಪರೀಕ್ಷೆ, ಫಲಿತಾಂಶ, ದೂರು ಎಲ್ಲಕ್ಕೂ ಇದೇ ಗುರುತು.

ಪ್ರತಿ ವಿಷಯಕ್ಕೆ 100 ಅಂಕ. ಇದರಲ್ಲಿ 50 ಆಂತರಿಕ ಮೌಲ್ಯಮಾಪನದ್ದು, ಅಂದರೆ ಎಲ್ಲರೂ ಇಂಟರ್ನಲ್ಸ್ ಎನ್ನುವುದು. ಉಳಿದ 50 ಸೆಮಿಸ್ಟರಿನ ಕೊನೆಯ ಪರೀಕ್ಷೆಯದ್ದು. ಇಂಟರ್ನಲ್ಸ್‌ನಲ್ಲಿ 20, ಕೊನೆಯ ಪರೀಕ್ಷೆಯಲ್ಲಿ 18, ಎರಡೂ ಸೇರಿ 40 ಬಂದರೆ ಪಾಸು. 20 ಮತ್ತು 18 ಸೇರಿದರೆ 38 ಮಾತ್ರ ಎಂಬುದನ್ನು ಗಮನಿಸಿ. ಎರಡರಲ್ಲೂ ಅಂಚಿನಲ್ಲಿ ಪಾಸಾದವರು ಒಟ್ಟು ಲೆಕ್ಕದಲ್ಲಿ ಫೇಲಾಗುತ್ತಾರೆ. ಇಂಟರ್ನಲ್ಸ್‌ನಲ್ಲಿ 20 ಬಾರದಿದ್ದರೆ ಕೊನೆಯ ಪರೀಕ್ಷೆಗೆ ಕೂರುವ ಅರ್ಹತೆಯೇ ಇರುವುದಿಲ್ಲ. ಆದುದರಿಂದ ಮೊದಲ ಇಂಟರ್ನಲ್ಸನ್ನು ಹಗುರವಾಗಿ ಕಾಣಬೇಡಿ.

ಕೊನೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೂರು ಗಂಟೆಯದ್ದು, 100 ಅಂಕಗಳದ್ದು; ಬಂದ ಅಂಕವನ್ನು 50ಕ್ಕೆ ಇಳಿಸುತ್ತಾರೆ. ಪಠ್ಯವನ್ನು ಐದು ಮಾಡ್ಯೂಲ್‌ಗಳಾಗಿ ವಿಂಗಡಿಸಿದ್ದು, ಪ್ರತಿಯೊಂದರಿಂದ ತಲಾ 20 ಅಂಕಗಳ ಎರಡು ಪೂರ್ಣ ಪ್ರಶ್ನೆಗಳಿರುತ್ತವೆ, ಒಂದನ್ನು ಬರೆಯಬೇಕು. ಒಂದೇ ಮಾಡ್ಯೂಲಿನ ಎರಡೂ ಪ್ರಶ್ನೆಗಳನ್ನು ಬರೆದರೆ ಒಂದಕ್ಕೆ ಮಾತ್ರ ಅಂಕ; ಒಂದು ಮಾಡ್ಯೂಲನ್ನು ಓದದೆ ಬಿಟ್ಟರೆ 20 ಅಂಕ ಮೊದಲೇ ಹೋಯಿತು.

ಹಾಜರಾತಿ ಶೇ. 85 ಇರಬೇಕು. ಒಂದು ವಿಷಯಕ್ಕೆ 60 ತರಗತಿಗಳಾದರೆ 51ಕ್ಕೆ ಹಾಜರಿರಬೇಕು, ಒಂಬತ್ತಷ್ಟೇ ತಪ್ಪಬಹುದು. ಶಿವಮೊಗ್ಗಕ್ಕೆ ತೀರ್ಥಹಳ್ಳಿಯಿಂದ 60 ಕಿಲೋಮೀಟರಿಗೂ ಹೆಚ್ಚು, ಸಾಗರದಿಂದ 70 ಕಿಲೋಮೀಟರಿನ ಆಸುಪಾಸು ದೂರವನ್ನು ದಿನವೂ ಬಸ್ಸಿನಲ್ಲಿ ಓಡಾಡುವವರು ಬೆಳಗಿನ ಮೊದಲ ತರಗತಿಯನ್ನು ಪದೇ ಪದೇ ಕಳೆದುಕೊಳ್ಳುತ್ತಾರೆ. ವೇಳಾಪಟ್ಟಿಯಲ್ಲಿ ಆ ಹೊತ್ತಿಗೆ ವಾರದಲ್ಲಿ ಮೂರು ದಿನ ಒಂದೇ ವಿಷಯವಿದ್ದರೆ ಆ ವಿಷಯದಲ್ಲೇ ಹಾಜರಾತಿ ಕುಸಿಯುತ್ತದೆ. ಮಳೆ ರಜೆಯನ್ನೂ ನಂಬಬೇಡಿ: ಜಿಲ್ಲಾಧಿಕಾರಿಗಳ ಆದೇಶ ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ಎಂದಿದ್ದರೆ ನಿಮ್ಮ ತರಗತಿ ನಡೆದೇ ನಡೆಯುತ್ತದೆ. ಮಳೆಗಾಲಕ್ಕಾದರೂ ಹಾಸ್ಟೆಲಿನಲ್ಲೋ ಬಂಧುಗಳ ಮನೆಯಲ್ಲೋ ಉಳಿಯುವ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು.

ಇದಲ್ಲದೆ, ನಾಲ್ಕು ವರ್ಷಗಳಲ್ಲಿ 160 ಕ್ರೆಡಿಟ್‌ಗಳನ್ನೂ, ಸಮಾಜಮುಖಿ ಚಟುವಟಿಕೆಗಳಿಗಾಗಿ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ನಿಗದಿಪಡಿಸಿದ 100 ಅಂಶಗಳನ್ನೂ ಗಳಿಸಬೇಕು. ಕ್ರೆಡಿಟ್ ಎಂದರೆ ವಾರಕ್ಕೆ ಎಷ್ಟು ಗಂಟೆಯ ಪಾಠ ಎಂಬುದರ ಮೇಲೆ ಒಂದು ವಿಷಯಕ್ಕೆ ನಿಗದಿಯಾದ ತೂಕ. ಚಟುವಟಿಕೆಯ ಅಂಶಗಳನ್ನು ಎಂಟನೆಯ ಸೆಮಿಸ್ಟರಿಗೆ ಉಳಿಸಿಕೊಂಡು ಪರದಾಡುವವರು ಪ್ರತಿ ವರ್ಷವೂ ಇರುತ್ತಾರೆ.

4. ಮೊದಲ ಪ್ರೋಗ್ರಾಮಿಂಗ್ ಭಾಷೆ

ಮೊದಲ ವರ್ಷವನ್ನು ಭೌತಶಾಸ್ತ್ರದ ಸೈಕಲ್, ರಸಾಯನಶಾಸ್ತ್ರದ ಸೈಕಲ್ ಎಂದು ವಿಭಾಗಿಸಿರುತ್ತಾರೆ; ಅರ್ಧದಷ್ಟು ಸೆಕ್ಷನ್‌ಗಳು ಒಂದನ್ನು ಮೊದಲು ಮುಗಿಸಿದರೆ ಉಳಿದವು ಇನ್ನೊಂದನ್ನು ಮೊದಲು ಮುಗಿಸುತ್ತವೆ. ಹೀಗಾಗಿ ಸಿ ಭಾಷೆ ನಿಮಗೆ ಮೊದಲ ಸೆಮಿಸ್ಟರಿನಲ್ಲೂ ಬರಬಹುದು, ಎರಡನೆಯದರಲ್ಲೂ ಬರಬಹುದು. ಎರಡನೆಯದರಲ್ಲಿ ಬಂದರೆ ಮೊದಲ ಆರು ತಿಂಗಳು ಸುಮ್ಮನೆ ಕೂರಬೇಡಿ.

1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ರೂಪಿಸಿದ ಈ ಭಾಷೆಯನ್ನು ಇಂದಿಗೂ ಮೊದಲಿಗೆ ಕಲಿಸುವುದೇಕೆ ಎಂದು ಕೇಳುವವರಿದ್ದಾರೆ. ಪೈಥಾನ್ ಸುಲಭ, ನಿಜ. ಆದರೆ ಕಂಪ್ಯೂಟರಿನ ಮೆಮೊರಿಯಲ್ಲಿ ಏನು ಎಲ್ಲಿ ಕೂರುತ್ತದೆ ಎಂಬುದನ್ನು ಸಿ ಮುಚ್ಚಿಡುವುದಿಲ್ಲ. ಈ ಕಷ್ಟ ಮೊದಲ ವರ್ಷವೇ ಆಗಿಹೋದರೆ ಮುಂದಿನ ವಿಷಯಗಳು ಹಗುರವಾಗುತ್ತವೆ.

ಕಲಿಯುವ ಕ್ರಮ ಹೀಗಿರಲಿ. ಪುಸ್ತಕದ ಪ್ರೋಗ್ರಾಮನ್ನು ಓದಿ, ಪುಸ್ತಕ ಮುಚ್ಚಿ, ನೀವೇ ಟೈಪ್ ಮಾಡಿ. ಓಡಿಸುವ ಮುನ್ನ ಏನು ಉತ್ತರ ಬರಬೇಕೆಂದು ಕಾಗದದ ಮೇಲೆ ಬರೆಯಿರಿ. ಓಡಿಸಿ. ಉತ್ತರ ಬೇರೆ ಬಂದರೆ, ಪ್ರತಿ ಸಾಲಿನ ನಂತರ ಪ್ರತಿ ಚರಾಂಕದ ಬೆಲೆ ಎಷ್ಟಾಯಿತೆಂದು ಕಾಗದದಲ್ಲಿ ಕೋಷ್ಟಕ ಹಾಕಿ ನೋಡಿ. ಚರಾಂಕ ಎಂದರೆ ಬೆಲೆಯನ್ನು ಹಿಡಿದಿಡುವ ಹೆಸರಿಟ್ಟ ಮೆಮೊರಿಯ ಜಾಗ. ಇನ್ನೊಬ್ಬರು ಅಡಿಕೆ ಸುಲಿಯುವುದನ್ನು ಎಷ್ಟು ಹೊತ್ತು ನೋಡಿದರೂ ಮೆಟ್ಟುಗತ್ತಿಯ ಮುಂದೆ ಕೂರದೆ ಕೈ ಕೂಡುವುದಿಲ್ಲ; ಪ್ರೋಗ್ರಾಮಿನ ವಿಡಿಯೊಗಳೂ ಹಾಗೆಯೇ.

ಮೊದಲ ತಿಂಗಳು ಎಲ್ಲರನ್ನೂ ಕಾಡುವ ನಾಲ್ಕು ತಪ್ಪುಗಳನ್ನು ಹತ್ತಿರದಿಂದ ನೋಡೋಣ.

ಒಂದು, ಸಾಲಿನ ಕೊನೆಯ ಅರ್ಧವಿರಾಮ ಮರೆತಾಗ ಕಂಪೈಲರ್, ಅಂದರೆ ನೀವು ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ, ಹಲವು ಸಲ ಮುಂದಿನ ಸಾಲಿನ ಸಂಖ್ಯೆಯನ್ನು ತೋರಿಸುತ್ತದೆ. ಆ ಸಾಲಿನಲ್ಲಿ ತಪ್ಪೇ ಕಾಣದೆ ಒದ್ದಾಡುವ ಬದಲು ಹಿಂದಿನ ಸಾಲನ್ನು ನೋಡಿ. ಒಂದು ತಪ್ಪಿಗೆ ಹತ್ತು ದೂರು ಬರುವುದೂ ಉಂಟು. ಯಾವಾಗಲೂ ಮೊದಲನೆಯದನ್ನು ಮಾತ್ರ ತಿದ್ದಿ ಮತ್ತೆ ಕಂಪೈಲ್ ಮಾಡಿ.

ಎರಡು, ಹೋಲಿಸಲು == ಬರೆಯಬೇಕಾದ ಕಡೆ ಒಂದೇ = ಬರೆಯುವುದು. ಪ್ರೋಗ್ರಾಮ್ ಓಡುತ್ತದೆ, ಉತ್ತರ ಮಾತ್ರ ತಪ್ಪಾಗುತ್ತದೆ. ಕಂಪೈಲರಿಗೆ ಎಚ್ಚರಿಕೆಗಳನ್ನೆಲ್ಲ ತೋರಿಸು ಎಂದು ಹೇಳುವ ‘ವಾಲ್’ (-Wall) ಎಂಬ ಆಯ್ಕೆ ಇದೆ. ಅದನ್ನು ಮೊದಲ ದಿನದಿಂದಲೇ ಬಳಸಿದರೆ ಇಂಥವು ಸಿಕ್ಕಿಬೀಳುತ್ತವೆ.

ಮೂರು, ಪೂರ್ಣಾಂಕಗಳ ಭಾಗಾಕಾರ. ಮೂರು ಪರೀಕ್ಷೆಗಳಲ್ಲಿ 17, 18, 18 ಅಂಕ ಬಂದಿದ್ದರೆ ಮೊತ್ತ 53, ಸರಾಸರಿ 17.67. ಆದರೆ ಮೊತ್ತವನ್ನೂ ಭಾಜಕವನ್ನೂ ಪೂರ್ಣಾಂಕವಾಗಿಯೇ ಇಟ್ಟರೆ ಸಿ ಭಾಷೆ 17 ಎಂದು ಹೇಳಿ ದಶಮಾಂಶ ಭಾಗವನ್ನು ಎಸೆದುಬಿಡುತ್ತದೆ. ಯಾವ ದೂರೂ ಇಲ್ಲ. ದೂರು ಬಾರದ ಪ್ರೋಗ್ರಾಮ್ ಸರಿಯಾದ ಪ್ರೋಗ್ರಾಮ್ ಎಂದುಕೊಳ್ಳುವವರು ಇಲ್ಲಿಯೇ ಎಡವುತ್ತಾರೆ.

ನಾಲ್ಕು, ಬಳಕೆದಾರರಿಂದ ಸಂಖ್ಯೆ ಪಡೆಯುವಾಗ ಚರಾಂಕದ ಹೆಸರಿಗೆ ಮೊದಲು & ಚಿಹ್ನೆ ಹಾಕದಿರುವುದು. ಆ ಚಿಹ್ನೆ ಚರಾಂಕದ ಬೆಲೆಯನ್ನಲ್ಲ, ಮೆಮೊರಿಯಲ್ಲಿ ಅದರ ವಿಳಾಸವನ್ನು ಸೂಚಿಸುತ್ತದೆ. ಅದಿಲ್ಲದಿದ್ದರೆ ಪ್ರೋಗ್ರಾಮ್ ತನ್ನದಲ್ಲದ ಜಾಗದಲ್ಲಿ ಬರೆಯಲು ಹೋಗುತ್ತದೆ. ಆಪರೇಟಿಂಗ್ ಸಿಸ್ಟಮ್ ಅದನ್ನು ತಡೆದು ‘ಸೆಗ್ಮೆಂಟೇಷನ್ ಫಾಲ್ಟ್’ ಎಂದು ಹೇಳಿ ನಿಲ್ಲಿಸುತ್ತದೆ. ಎಲ್ಲರೂ ಹೆದರುವ ಪಾಯಿಂಟರ್ ಎಂದರೆ ಇಂಥ ವಿಳಾಸವನ್ನು ಇಟ್ಟುಕೊಳ್ಳುವ ಚರಾಂಕ, ಅಷ್ಟೇ.

ಒಂದು ಸಣ್ಣ ಪ್ರಯೋಗವನ್ನು ಪ್ರತಿಯೊಬ್ಬರೂ ಮಾಡಿ ನೋಡಬೇಕು. ‘ಶಿವಮೊಗ್ಗ’ ಎಂಬ ಪದದ ಉದ್ದವನ್ನು ಸಿ ಭಾಷೆಯ ಸ್ಟ್ರಿಂಗ್ ಉದ್ದದ ಫಂಕ್ಷನ್‌ನಿಂದ ಕೇಳಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ; ಉತ್ತರ 24 ಎಂದು ಬರುತ್ತದೆ. ಪೈಥಾನ್‌ನಲ್ಲಿ ಕೇಳಿದರೆ 8. ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಶ, ಗುಡಿಸು, ವ, ಮ, ಒತ್ವ, ಗ, ಅರ್ಧಾಕ್ಷರದ ಚಿಹ್ನೆ, ಮತ್ತೆ ಗ ಎಂದು ಎಂಟು ಸಂಕೇತಗಳಿವೆ; ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ಪರದೆಯ ಮೇಲಿನ ಬರಹ ಬೇರೆ, ಮೆಮೊರಿಯಲ್ಲಿ ಕೂತ ಅಂಕಿಗಳು ಬೇರೆ ಎಂಬುದು ಈ ಒಂದು ಪ್ರಯೋಗದಿಂದ ತಿಳಿಯುವಷ್ಟು ಇಡೀ ಅಧ್ಯಾಯ ಓದಿದರೂ ತಿಳಿಯುವುದಿಲ್ಲ.

ಕೃತಕ ಬುದ್ಧಿಮತ್ತೆಯ ಚಾಟ್ ಸಾಧನಗಳ ಬಗ್ಗೆ: ತಪ್ಪನ್ನು ನೀವೇ ಹುಡುಕಲು ಇಪ್ಪತ್ತು ನಿಮಿಷ ಪ್ರಯತ್ನಿಸಿದ ಮೇಲೆ, ‘ಈ ದೂರಿನ ಅರ್ಥವೇನು’ ಎಂದು ಕೇಳಿ. ‘ಈ ಪ್ರೋಗ್ರಾಮ್ ಬರೆದುಕೊಡು’ ಎಂದು ಕೇಳಬೇಡಿ. ಲ್ಯಾಬ್ ಪರೀಕ್ಷೆಯ ದಿನ ಅದು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

5. ಇಂಗ್ಲಿಷಿನ ಭಯ

ಕನ್ನಡ ಮಾಧ್ಯಮದವರು ಮೊದಲ ಆರು ತಿಂಗಳು ಹಿಂದೆ ಬೀಳುವುದು ಬುದ್ಧಿಯ ಕೊರತೆಯಿಂದಲ್ಲ, ತರಗತಿಯಲ್ಲಿ ಪ್ರಶ್ನೆ ಕೇಳದೆ ಸುಮ್ಮನಿರುವುದರಿಂದ. ಉಪನ್ಯಾಸಕರಲ್ಲಿ ಹೆಚ್ಚಿನವರು ಕನ್ನಡದಲ್ಲೇ ವಿವರಿಸಬಲ್ಲರು. ತರಗತಿ ಮುಗಿದ ಮೇಲೆ ಸ್ಟಾಫ್‌ರೂಮಿಗೆ ಹೋಗಿ ಕನ್ನಡದಲ್ಲೇ ಕೇಳಿ.

ಪಾರಿಭಾಷಿಕ ಪದಗಳನ್ನು ಕನ್ನಡಕ್ಕೆ ತಿರುಗಿಸಿಕೊಂಡು ನೆನಪಿಡುವ ಕಷ್ಟಕ್ಕೆ ಹೋಗಬೇಡಿ. ಸ್ಟ್ಯಾಕ್, ಕ್ಯೂ, ಡೆಡ್‌ಲಾಕ್ ಎಂಬ ಪದಗಳನ್ನು ಹಾಗೆಯೇ ಇಟ್ಟುಕೊಂಡು, ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಪದದ ಎದುರು ನಿಮ್ಮ ಮಾತಿನಲ್ಲಿ ಎರಡು ಸಾಲಿನ ಕನ್ನಡ ವಿವರಣೆ ಬರೆಯಿರಿ. ಕನ್ನಡದಲ್ಲಿ ಎರಡು ಸಾಲು ಬರೆಯಲಾಗದಿದ್ದರೆ ಆ ವಿಷಯ ಅರ್ಥವಾಗಿಲ್ಲವೆಂದೇ ತಿಳಿಯಿರಿ. ಬಳಿಕ ಅದನ್ನೇ ಐದಾರು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ನೋಡಿ. ಪರೀಕ್ಷೆಯಲ್ಲಿ ಉದ್ದನೆಯ ವಾಕ್ಯಗಳಿಗೆ ಅಂಕವಿಲ್ಲ. ವ್ಯಾಖ್ಯೆ, ಚಿತ್ರ, ಉದಾಹರಣೆ ಸರಿಯಾಗಿದ್ದರೆ ಸಾಕು.

ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳು ಉಚಿತ. ಕೆಲವು ಕೋರ್ಸ್‌ಗಳ ಪಠ್ಯರೂಪ ಕನ್ನಡದಲ್ಲೂ ದೊರೆಯುತ್ತದೆ. ಊರಿನಲ್ಲಿ ಒಂದೇ ಗುಡ್ಡದ ನೆತ್ತಿಯಲ್ಲಿ ನೆಟ್‌ವರ್ಕ್ ಸಿಗುವವರು ಕಾಲೇಜಿನ ವೈಫೈನಲ್ಲಿ ಪಾಠಗಳನ್ನು ಇಳಿಸಿಕೊಂಡು ಮನೆಗೆ ಒಯ್ಯಬಹುದು.

6. ಎರಡನೆಯ ವರ್ಷ: ನಿಜವಾದ ಅಡಿಪಾಯ

ಮೂರನೆಯ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಈ ಪದವಿಯ ತಿರುವು. ಮಾಹಿತಿಯನ್ನು ಮೆಮೊರಿಯಲ್ಲಿ ಜೋಡಿಸುವ ಬಗೆಗಳ ಅಧ್ಯಯನವಿದು. ಲಿಂಕ್ಡ್ ಲಿಸ್ಟ್, ಟ್ರೀ ಇವುಗಳ ಪ್ರೋಗ್ರಾಮನ್ನು ಬಾಯಿಪಾಠ ಮಾಡಿದವರು ವೈವಾದಲ್ಲಿ, ಅಂದರೆ ಮೌಖಿಕ ಪ್ರಶ್ನೋತ್ತರದಲ್ಲಿ, ‘ಈ ಸಾಲು ತೆಗೆದರೆ ಏನಾಗುತ್ತದೆ’ ಎಂಬ ಒಂದೇ ಪ್ರಶ್ನೆಗೆ ತಡವರಿಸುತ್ತಾರೆ. ಪ್ರತಿ ಹೆಜ್ಜೆಗೂ ಚೌಕ ಮತ್ತು ಬಾಣಗಳ ಚಿತ್ರ ಬರೆದು ಅಭ್ಯಾಸ ಮಾಡಿ.

ಆಲ್ಗಾರಿದಮ್ ಎಂದರೆ ಸಮಸ್ಯೆಯನ್ನು ಬಿಡಿಸುವ ನಿಶ್ಚಿತ ಹೆಜ್ಜೆಗಳ ಕ್ರಮ. ಅದರ ಮಹತ್ವಕ್ಕೆ ಒಂದು ಲೆಕ್ಕ ಸಾಕು: ಕ್ರಮವಾಗಿ ಜೋಡಿಸಿದ ಹತ್ತು ಲಕ್ಷ ಹೆಸರುಗಳಲ್ಲಿ ಒಂದನ್ನು ಮೊದಲಿನಿಂದ ಹುಡುಕಿದರೆ ಹತ್ತು ಲಕ್ಷ ಹೋಲಿಕೆಗಳವರೆಗೆ ಬೇಕಾಗಬಹುದು, ಪ್ರತಿ ಸಲ ಮಧ್ಯಕ್ಕೆ ಹೋಗಿ ಅರ್ಧವನ್ನು ಬಿಡುತ್ತ ಬಂದರೆ ಸುಮಾರು 20ರಲ್ಲಿ ಮುಗಿಯುತ್ತದೆ.

ಡೇಟಾಬೇಸ್ ವಿಷಯದಲ್ಲಿ ನಾರ್ಮಲೈಸೇಷನ್, ಅಂದರೆ ಒಂದೇ ಮಾಹಿತಿ ಹಲವು ಕಡೆ ಉಳಿಯದಂತೆ ಕೋಷ್ಟಕಗಳನ್ನು ಒಡೆಯುವುದು, ಎಂಬ ಅಧ್ಯಾಯ ಅನೇಕರಿಗೆ ಕಬ್ಬಿಣದ ಕಡಲೆ. ಪಠ್ಯದ ಉದಾಹರಣೆಗಳನ್ನು ಬದಿಗಿಟ್ಟು ಅಡಿಕೆ ಮಂಡಿಯ ವಹಿಯನ್ನು ತೆಗೆದುಕೊಳ್ಳಿ. ದಿನಾಂಕ, ಬೆಳೆಗಾರರ ಹೆಸರು, ಊರು, ಫೋನ್, ಅಡಿಕೆಯ ಬಗೆ (ರಾಶಿ, ಬೆಟ್ಟೆ, ಸರಕು, ಗೊರಬಲು), ತೂಕ, ಕ್ವಿಂಟಲ್ ಧಾರಣೆ ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಒಬ್ಬರು ವರ್ಷದಲ್ಲಿ ಐದು ಸಲ ಅಡಿಕೆ ತಂದರೆ ಅವರ ಫೋನ್ ಐದು ಕಡೆ ಇರುತ್ತದೆ. ಸಂಖ್ಯೆ ಬದಲಾದಾಗ ನಾಲ್ಕು ಕಡೆ ತಿದ್ದಿ ಒಂದನ್ನು ಮರೆತರೆ ಯಾವುದು ಸರಿ ಎಂದು ಯಾರಿಗೂ ತಿಳಿಯದು. ಆ ಕಾರಣಕ್ಕೆ ಬೆಳೆಗಾರರದ್ದೊಂದು, ಮಾರಾಟದ್ದೊಂದು ಕೋಷ್ಟಕ ಮಾಡಿ, ಮಾರಾಟದ ಸಾಲಿನಲ್ಲಿ ಬೆಳೆಗಾರರ ಗುರುತಿನ ಸಂಖ್ಯೆಯನ್ನಷ್ಟೇ ಇಡಬೇಕು. ಹೆಸರನ್ನೇ ಗುರುತಾಗಿ ಏಕೆ ಇಡಬಾರದು? ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿರುತ್ತಾರೆ. ಪ್ರೈಮರಿ ಕೀ ಎಂದು ಪುಸ್ತಕ ಕರೆಯುವುದು ಈ ಗುರುತಿನ ಸಂಖ್ಯೆಯನ್ನೇ.

ಆಪರೇಟಿಂಗ್ ಸಿಸ್ಟಮ್ ಮತ್ತು ಐದನೆಯ ಸೆಮಿಸ್ಟರಿನ ಕಂಪ್ಯೂಟರ್ ನೆಟ್‌ವರ್ಕ್ಸ್ ವಿಷಯಗಳನ್ನು ನಿಮ್ಮ ಉಬುಂಟು ಯಂತ್ರದಲ್ಲೇ ಕಣ್ಣಾರೆ ನೋಡುತ್ತ ಓದಿ. ಥಿಯರಿ ಆಫ್ ಕಂಪ್ಯುಟೇಷನ್ ಒಣವಿಷಯ ಎಂದು ದೂರುವವರೇ ಹೆಚ್ಚು. ಆದರೆ ಲೆಕ್ಕಗಳನ್ನು ದಿನಕ್ಕೊಂದರಂತೆ ಬಿಡಿಸಿದವರಿಗೆ ಅಂಕ ಕೈಬಿಡದ ವಿಷಯವದು.

7. ವಿಷಯ ಉಳಿದರೆ

ಫಲಿತಾಂಶದಲ್ಲಿ ಒಂದು ವಿಷಯ ಹೋದರೆ ಅದನ್ನು ಬ್ಯಾಕ್‌ಲಾಗ್ ಎನ್ನುತ್ತಾರೆ. ನಿರೀಕ್ಷೆಗಿಂತ ತೀರಾ ಕಡಿಮೆ ಬಂದಿದ್ದರೆ ಉತ್ತರಪತ್ರಿಕೆಯ ಛಾಯಾಪ್ರತಿ ತರಿಸಿ, ಉಪನ್ಯಾಸಕರಿಗೆ ತೋರಿಸಿ, ಅವರು ಹೇಳಿದರೆ ಮಾತ್ರ ಮರುಮೌಲ್ಯಮಾಪನಕ್ಕೆ ಹಾಕಿ; ಎರಡಕ್ಕೂ ಗಡುವು ಚಿಕ್ಕದು, ಶುಲ್ಕ ಬೇರೆ ಬೇರೆ. ಉಳಿದ ವಿಷಯವನ್ನು ಬರುವ ಮೊದಲ ಅವಕಾಶದಲ್ಲೇ ಮುಗಿಸಿ. ಮೊದಲ ವರ್ಷದ ಗಣಿತವನ್ನು ಆರನೆಯ ಸೆಮಿಸ್ಟರಿನವರೆಗೆ ಎಳೆದುಕೊಂಡು ಹೋದವರಿಗೆ ಕ್ಯಾಂಪಸ್ ಸಂದರ್ಶನದ ಬಾಗಿಲಲ್ಲೇ ತಡೆ ಬೀಳುತ್ತದೆ. ಮನೆಯವರಿಂದ ಮುಚ್ಚಿಡಬೇಡಿ, ಶುಲ್ಕ ಕಟ್ಟಬೇಕಾದವರು ಅವರೇ.

8. ಸಾಫ್ಟ್‌ವೇರ್ ಎಂಜಿನಿಯರಿಂಗ್ ಮತ್ತು ಪ್ರಾಜೆಕ್ಟ್

ಒಬ್ಬರೇ ನೂರು ಸಾಲಿನ ಪ್ರೋಗ್ರಾಮ್ ಬರೆಯುವುದಕ್ಕೂ, ಹಲವರು ಸೇರಿ ವರ್ಷಗಟ್ಟಲೆ ಬಳಕೆಯಾಗುವ ತಂತ್ರಾಂಶ ಕಟ್ಟುವುದಕ್ಕೂ ಅಜಗಜಾಂತರವಿದೆ. ದೊಡ್ಡ ತಂತ್ರಾಂಶಗಳು ಗಡುವು ಮೀರಿ, ವೆಚ್ಚ ಮೀರಿ, ಕೊನೆಗೂ ಸರಿಯಾಗಿ ಕೆಲಸ ಮಾಡದೆ ಹೋಗುತ್ತಿದ್ದ ಕಾಲದಲ್ಲಿ, 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೊ ಪ್ರಾಯೋಜಿತ ಸಮ್ಮೇಳನದಿಂದ ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಚಲಾವಣೆಗೆ ಬಂತು. ಐದನೆಯ ಸೆಮಿಸ್ಟರಿನಲ್ಲಿ ಈ ವಿಷಯವನ್ನು ಬರೀ ಥಿಯರಿ ಎಂದು ಉಪೇಕ್ಷಿಸುವವರು ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಅದೇ ಗೋಳನ್ನು ಅನುಭವಿಸುತ್ತಾರೆ.

ಗಿಟ್ ಎಂಬ ಸಾಧನವನ್ನು ಎರಡನೆಯ ವರ್ಷದಲ್ಲೇ ಕಲಿಯಿರಿ. ಲಿನಕ್ಸ್ ರೂಪಿಸಿದ ಲಿನಸ್ ಟೊರ್ವಾಲ್ಡ್ಸ್ ಅವರೇ 2005ರಲ್ಲಿ ಬರೆದ ಇದು, ನಿಮ್ಮ ಕಡತಗಳಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆಯನ್ನು ಇಡುತ್ತದೆ ಮತ್ತು ಹಿಂದಿನ ಸ್ಥಿತಿಗೆ ಮರಳಲು ಬಿಡುತ್ತದೆ. ಇದರ ಇತಿಹಾಸವೆಲ್ಲ ನಿಮ್ಮ ಯಂತ್ರದಲ್ಲೇ ಇರುವುದರಿಂದ ಇಂಟರ್ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ. ಆಗುಂಬೆ ಕಡೆಯ ಮನೆಯಲ್ಲಿ ಮೂರು ದಿನ ಕರೆಂಟೂ ನೆಟ್‌ವರ್ಕೂ ಹೋಗಿಬಂದು ಮಾಡುತ್ತಿದ್ದರೂ ಮಾಡಿದ್ದನ್ನು ಅಲ್ಲೇ ದಾಖಲಿಸುತ್ತ ಹೋಗಿ, ಶಿವಮೊಗ್ಗಕ್ಕೆ ಬಂದ ದಿನ, ಗಿಟ್‌ನ ಕಡತಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ತಾಣವಾದ ಗಿಟ್‌ಹಬ್‌ಗೆ ಕಳುಹಿಸಿದರಾಯಿತು. ಪಾಸ್‌ವರ್ಡ್ ಬರೆದ ಕಡತವನ್ನು ಮಾತ್ರ ಎಂದಿಗೂ ಅದರಲ್ಲಿ ಸೇರಿಸಬೇಡಿ. ಅಳಿಸಿದರೂ ಹಳೆಯ ದಾಖಲೆಯಲ್ಲಿ ಉಳಿದಿರುತ್ತದೆ.

ಪ್ರಾಜೆಕ್ಟಿನ ವಿಷಯವನ್ನು ಸುತ್ತಮುತ್ತಲಿನಿಂದ ಆರಿಸಿ. ಪ್ರತಿ ವರ್ಷ ಎರಡು ಮೂರು ತಂಡಗಳು ‘ಅಡಿಕೆ ಧಾರಣೆಯ ಮುನ್ಸೂಚನೆ’ ಎಂದು ಹೊರಟು, ಶೇ. 99 ನಿಖರ ಎಂದು ವರದಿ ಬರೆಯುತ್ತವೆ. ಅದು ನಿಜವಾಗಿದ್ದರೆ ತೀರ್ಥಹಳ್ಳಿಯ ಬೆಳೆಗಾರರೆಲ್ಲ ಆ ತಂಡದ ಮನೆಯೆದುರು ಸಾಲುಗಟ್ಟುತ್ತಿದ್ದರು. ಅದಕ್ಕಿಂತ, ಒಂದು ಸಹಕಾರ ಸಂಘಕ್ಕೆ ಹೋಗಿ ಅಲ್ಲಿನ ಗುಮಾಸ್ತರು ದಿನವೂ ಏನು ಬರೆಯುತ್ತಾರೆ, ಎಲ್ಲಿ ತಪ್ಪಾಗುತ್ತದೆ ಎಂದು ಕೂತು ನೋಡಿ, ಆ ಒಂದು ಕೆಲಸವನ್ನು ಸರಿಯಾಗಿ ಮಾಡುವ ಸಣ್ಣ ತಂತ್ರಾಂಶ ಕಟ್ಟುವುದು ಹೆಚ್ಚು ಬೆಲೆಯುಳ್ಳದ್ದು. ಹೀಗೆ ಕೇಳಿ ತಿಳಿದದ್ದನ್ನು ಬರೆದಿಡುವುದೇ ರಿಕ್ವೈರ್‌ಮೆಂಟ್ಸ್ ಎಂಬ ಹಂತ. ಬಳಿಕ ಪರೀಕ್ಷೆ: ತೂಕದ ಜಾಗದಲ್ಲಿ ಋಣಸಂಖ್ಯೆ ಕೊಟ್ಟರೆ ಏನಾಗುತ್ತದೆ? ಖಾಲಿ ಬಿಟ್ಟರೆ? ಕನ್ನಡದಲ್ಲಿ ಹೆಸರು ಬರೆದರೆ? ಅರ್ಧದಲ್ಲಿ ಕರೆಂಟ್ ಹೋದರೆ? ಈ ನಾಲ್ಕಕ್ಕೆ ಉತ್ತರವಿರುವ ಪ್ರಾಜೆಕ್ಟ್ ಅಪರೂಪ.

ಸಿದ್ಧ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಗಳಿಂದ ದೂರವಿರಿ. ಹಣ ಹೋಗುವುದು ಒಂದು ಕಡೆ. ಸಂದರ್ಶನದಲ್ಲಿ ಅರ್ಧದಷ್ಟು ಪ್ರಶ್ನೆಗಳು ಪ್ರಾಜೆಕ್ಟಿನ ಸುತ್ತಲೇ ಬರುತ್ತವೆ, ಆಗ ಅಂಗಡಿಯವರು ಉತ್ತರಿಸಲು ಬರುವುದಿಲ್ಲ. ನಾಲ್ವರ ತಂಡದಲ್ಲಿ ಒಬ್ಬರೇ ಎಲ್ಲವನ್ನೂ ಬರೆದು ಉಳಿದವರು ವರದಿಗೆ ಬೈಂಡಿಂಗ್ ಮಾಡಿಸುವ ಪದ್ಧತಿಗೂ ಇದೇ ಗತಿ.

9. ಇಂಟರ್ನ್‌ಶಿಪ್ ಮತ್ತು ಉದ್ಯೋಗ

ಇಂಟರ್ನ್‌ಶಿಪ್ ಎಂದರೆ ಓದುವಾಗಲೇ ಕಂಪನಿಯೊಂದರಲ್ಲಿ ಮಾಡುವ ತರಬೇತಿ ಕೆಲಸ. ಕೆಲಸವನ್ನೇ ಕೊಡದೆ ಹಣ ಪಡೆದು ಪ್ರಮಾಣಪತ್ರ ನೀಡುವ ಸಂಸ್ಥೆಗಳಿವೆ. ಸೇರುವ ಮುನ್ನ ಹಿಂದಿನ ವರ್ಷ ಅಲ್ಲಿದ್ದ ಸೀನಿಯರ್‌ಗಳನ್ನು ‘ಅಲ್ಲಿ ನೀವು ಬರೆದ ಕೋಡ್ ಯಾವುದು, ಅದನ್ನು ಯಾರು ತಿದ್ದಿದರು’ ಎಂದು ಕೇಳಿ.

ಹಲವು ಕಂಪನಿಗಳು ಹತ್ತನೆಯ ತರಗತಿ, ಪಿಯುಸಿ ಮತ್ತು ಪದವಿ ಮೂರರಲ್ಲೂ ಶೇ. 60 ಹಾಗೂ ಬಾಕಿ ವಿಷಯಗಳಿಲ್ಲದಿರುವುದನ್ನು ಕೇಳುತ್ತವೆ. ಮೊದಲ ಸುತ್ತು ಸಾಮಾನ್ಯವಾಗಿ ಲೆಕ್ಕ, ತರ್ಕ, ಇಂಗ್ಲಿಷಿನದ್ದು; ಅದಕ್ಕೆ ಆರನೆಯ ಸೆಮಿಸ್ಟರಿನ ರಜೆ ಸಾಕು. ನಂತರದ ಸುತ್ತಿನಲ್ಲಿ ಬರುವುದು ಎರಡನೆಯ ವರ್ಷದ ವಿಷಯಗಳೇ. ಮುಂದೆ ಓದುವವರಿಗೆ ಗೇಟ್ ಪರೀಕ್ಷೆ ಇದೆ. ಅದರ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಮೂರನೆಯ ವರ್ಷದಲ್ಲಿರುವಾಗಲೇ ಬರೆಯಬಹುದು.

ಬೆಂಗಳೂರಿನಿಂದ ಫೋನ್ ಮಾಡಿ, ನಿಮ್ಮ ಆಯ್ಕೆಯಾಗಿದೆ, ಲ್ಯಾಪ್‌ಟಾಪಿಗೆ ಅಥವಾ ತರಬೇತಿಗೆ ಠೇವಣಿ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ನೇಮಕಾತಿ ಪತ್ರ ಬಂದರೆ ಅದರಲ್ಲಿರುವ ಇಮೇಲ್ ವಿಳಾಸ ಕಂಪನಿಯ ಸ್ವಂತ ಡೊಮೇನಿನದ್ದೇ ಎಂದು ನೋಡಿ, ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೆ ತೋರಿಸಿ. ಬಾಂಡ್, ಅಂದರೆ ಇಷ್ಟು ವರ್ಷ ಬಿಡುವುದಿಲ್ಲವೆಂಬ ಒಪ್ಪಂದ, ಇದ್ದರೆ ಬಿಟ್ಟಾಗ ಕಟ್ಟಬೇಕಾದ ಮೊತ್ತವನ್ನು ಓದಿಕೊಂಡೇ ಸಹಿ ಮಾಡಿ; ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಬಹುದು, ಯಾರ ಬಳಿಯೂ ಬಿಟ್ಟುಬರಬೇಡಿ.